ಹಚ್ಚೆಯ ಗೆರೆ: ಕಾಕನಕೋಟೆಯ ಸೀಮೆಯಲ್ಲಿ ಅದರ ಬಾಳಿಕೆಯ ವಿಚಾರ

ಹೆಗ್ಗಡದೇವನಕೋಟೆ, ಹುಣಸೂರು ಸೀಮೆಗಳಲ್ಲಿ ಕಲ್ಲಿನ ಮೇಲಿದ್ದ ಬರಹಗಳು ಬಿ. ಎಲ್. ರೈಸ್ ಅವರ ಶ್ರಮದಿಂದ 1898ರಲ್ಲಿ ಅಚ್ಚಿಗೆ ಬಂದುವು. ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟವನ್ನು ತೆರೆದವರಿಗೆ ಈ ಸೀಮೆಯ ವೀರರ ಮರಣ, ದಾನಿಗಳ ಪುಣ್ಯ, ಕೆರೆಕಟ್ಟೆಗಳ ಜೀರ್ಣೋದ್ಧಾರ ಎಲ್ಲವೂ ದೊರೆಯುವುವು. ಅದೇ ಸೀಮೆಯಲ್ಲಿ ಜನರ ತೊಗಲಿನ ಮೇಲಿದ್ದ ಬರಹಕ್ಕೆ ದೊರೆತುದು ಒಂದು ವಾಕ್ಯ ಮಾತ್ರ. ಎಡ್ಗರ್ ಥರ್ಸ್ಟನ್ ಅವರು ಕೆ. ರಂಗಾಚಾರಿಗಳ ಸಹಾಯದಿಂದ 1909ರಲ್ಲಿ ಪ್ರಕಟಿಸಿದ ದಕ್ಷಿಣ ಹಿಂದೂದೇಶದ ಜಾತಿಗಳ ಏಳು ಸಂಪುಟಗಳಲ್ಲಿ, ಅಲ್ಲಿಯೂ ನಾಲ್ಕನೆಯದರಲ್ಲಿಯೇ, ಮೈಸೂರಿನ ಕಾಡುಕುರುಬರ ಪ್ರಸ್ತಾಪವಿದೆ. ಅವರ ಹೆಂಗಸರು ನಾಲ್ಕು ಗಜದ ದಪ್ಪ ಬಟ್ಟೆಯೊಂದನ್ನು ಉಡುವರೆಂದೂ, ಅವರ ಹಣೆಯ ಮೇಲೆ ಎರಡು ಸಮಾನವಾದ ಸಾಲುಗಳಲ್ಲಿ ಚುಕ್ಕೆಗಳ ಹಚ್ಚೆ ಇರುವುದೆಂದೂ ಅಲ್ಲಿ ಹೇಳಿದೆ. ಚುಕ್ಕೆಗಳು ಎಷ್ಟು, ಯಾವ ವಯಸ್ಸಿನಲ್ಲಿ ಹೊಯ್ದುವು, ಹೊಯ್ದವರು ಯಾರು, ಮುಪ್ಪಿನಲ್ಲಿ ಅವು ಹೇಗೆ ಕಾಣುತ್ತಿದ್ದುವು ಎಂಬುದೊಂದೂ ಇಲ್ಲ. ಕಲ್ಲು ಸಾವಿರ ವರ್ಷ ಕಾಯಬಲ್ಲುದು. ತೊಗಲು ಒಂದು ಆಯುಷ್ಯಕ್ಕಿಂತ ಹೆಚ್ಚು ಕಾಯಲಾರದು. ಅವಸರವಿದ್ದುದು ಯಾವುದಕ್ಕೆ ಎಂಬುದನ್ನು ಅಂದಿನ ವಿದ್ವಾಂಸರು ಗಣಿಸಿದಂತೆ ತೋರುವುದಿಲ್ಲ.

ಹಚ್ಚೆ ಎಂಬ ಹೆಸರಿನಲ್ಲಿಯೇ ಈ ಕಲೆಯ ಚರಿತ್ರೆಯ ಒಂದು ಭಾಗ ಅಡಗಿದೆ. ಹಳಗನ್ನಡದ ಪಕಾರವು ನಡುಗನ್ನಡದಲ್ಲಿ ಹಕಾರವಾದುದು ಬಲ್ಲವರಿಗೆ ಹೊಸದಲ್ಲ, ಪಚ್ಚೆಯೇ ಹಚ್ಚೆಯಾಯಿತು. ತಮಿಳರೂ ಮಲಯಾಳಿಗಳೂ ಪಚ್ಚೆ ಕುತ್ತುವುದೆಂದೇ ಹೇಳುವರು. ತೆಲುಗರು ಪಚ್ಚಬೊಟ್ಟು ಎನ್ನುವರು. ನಾಲ್ಕು ನುಡಿಗಳಲ್ಲಿಯೂ ಅರ್ಥ ಹಸುರು. ಆದರೆ ಸೂಜಿಯ ತುದಿಯಲ್ಲಿ ಒಳಗೆ ಹೋಗುವುದು ಹಸುರಲ್ಲ, ಕಪ್ಪು ಕಾಡಿಗೆ! ಗಾಯ ಮಾದು, ಕಾಡಿಗೆಯ ಮೇಲೆ ಹೊಸ ತೊಗಲು ಕೂಡಿದ ಬಳಿಕ, ಮೇಲೆ ಬಿದ್ದ ಬೆಳಕಿನಲ್ಲಿ ಕೆಂಪು ಒಳಕ್ಕೆ ಇಳಿದು ಕಾಡಿಗೆಯಲ್ಲಿ ಇಂಗಿ, ನೀಲಿ ಹಿಂದಕ್ಕೆ ಚೆದರುವುದರಿಂದ, ಕಪ್ಪು ನೀಲಿಯಾಗಿಯೂ ಹಸುರಾಗಿಯೂ ಕಾಣುವುದು. ಎಂದರೆ ದ್ರಾವಿಡ ಭಾಷೆಗಳನ್ನಾಡುವ ಜನ ಈ ಕಲೆಗೆ ಹೆಸರಿಡುವಾಗ ಅದು ಹುಟ್ಟಿದ ದಿನದ ಬಣ್ಣವನ್ನು ನೋಡಲಿಲ್ಲ. ಮಾಗಿದ ಮೇಲಣ ಬಣ್ಣವನ್ನು ನೋಡಿದರು. ಹಚ್ಚೆಗೆ ವಯಸ್ಸಾಗುವುದು ಅದರ ದೋಷವೆಂದು ಅವರು ಎಣಿಸಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಕಾಡಿಗೆಯನ್ನು ಮಾಡುತ್ತಿದ್ದ ಕ್ರಮವನ್ನು ಥರ್ಸ್ಟನ್ ಅವರು ವಿವರವಾಗಿಯೇ ಬರೆದಿಟ್ಟಿರುವುದು ಒಂದು ಉಪಕಾರ. ಮದರಾಸು ಪ್ರಾಂತ್ಯದ ಕೊರವ ಹೆಂಗಸರು ಅರಿಸಿನವನ್ನೂ ಅಗಸೆಮರದ ಸೊಪ್ಪನ್ನೂ ಕೂಡಿಸಿ ಅರೆದು, ತೆಳುವಾದ ಬಟ್ಟೆಗೆ ಬಳಿದು, ಅದನ್ನು ಬತ್ತಿಯಾಗಿ ಹೊಸೆದು, ಹರಳೆಣ್ಣೆಯ ಹಣತೆಯಲ್ಲಿ ಉರಿಸುತ್ತಿದ್ದರು. ಹಣತೆಯ ಮೇಲೆ ಹೊಸ ಮಡಕೆಯೊಂದನ್ನು ಕವಿಚಿಟ್ಟರೆ ಅದರ ಒಳಮೈಗೆ ಮಸಿ ಹಿಡಿಯುವುದು. ಆ ಮಸಿಯನ್ನು ಕೆರೆದು ನೀರಿನಲ್ಲಿಯೋ ಎದೆಹಾಲಿನಲ್ಲಿಯೋ ಕಲಸಿ, ದಾರದಿಂದ ಒಟ್ಟಿಗೆ ಕಟ್ಟಿದ ಕೆಲವು ಹೊಲಿಗೆಯ ಸೂಜಿಗಳಿಂದ ಚುಚ್ಚುತ್ತಿದ್ದರು. ಮೈಸೂರು ಸೀಮೆಯಲ್ಲಿ ಈ ಕೆಲಸ ಕೊರಮರ ಹೆಂಗಸರದು. ಕಾವ್ಯದಲ್ಲಿಯೂ ಯಕ್ಷಗಾನದಲ್ಲಿಯೂ ಕಣಿ ಹೇಳಲು ಬರುವ ಕೊರವಂಜಿ ಇವಳೇ. ಬುಟ್ಟಿ ಹೆಣೆದು, ಕಣಿ ಹೇಳಿ, ಹಚ್ಚೆ ಹೊಯ್ದು, ಧಾನ್ಯವನ್ನೋ ಹಳೆಯ ಸೀರೆಯನ್ನೋ ಪಡೆದು ಮುಂದಿನ ಊರಿಗೆ ಹೋಗುವುದು ಅವಳ ಬಾಳು.

ಆ ಸೂಜಿಗಳ ಕಟ್ಟನ್ನು ಗಮನಿಸತಕ್ಕದ್ದು. ಒಂದೇ ಸೂಜಿಯಿಂದ ಚುಚ್ಚಿದರೆ ಕೂದಲೆಳೆಯಂತಹ ಗೆರೆ ಬರುವುದು. ಕಟ್ಟಿನಿಂದ ಚುಚ್ಚಿದರೆ ಪ್ರತಿ ಚುಚ್ಚೂ ಒಂದು ದಪ್ಪ ಚುಕ್ಕೆ, ಚುಕ್ಕೆಗಳ ಸಾಲೇ ಒಂದು ದಪ್ಪ ಗೆರೆ. ಹಳ್ಳಿಯ ಹಚ್ಚೆಯಲ್ಲಿ ಛಾಯೆಯಿಲ್ಲ, ತುಂಬುವಿಕೆಯಿಲ್ಲ; ಇರುವುದು ಗೆರೆ, ಚುಕ್ಕೆ, ಅವುಗಳ ನಡುವಣ ಬಯಲು. ಮುಂಗೈಯ ಚೇಳು, ತುಳಸಿಯ ಕಟ್ಟೆ, ರಂಗೋಲೆಯ ಮನೆ, ಗಲ್ಲದ ಬೊಟ್ಟು, ಎಲ್ಲವೂ ಹಸೆಯ ಚಿತ್ತಾರದ ಬಂಧುಗಳೇ. ನೋಡುವವರಿಗೆ ಒರಟಾಗಿ ತೋರುವ ಈ ದಪ್ಪ ಗೆರೆಯಲ್ಲಿ ಒಂದು ವಿವೇಕವುಂಟು. ಅದನ್ನು ತಿಳಿಯಲು ತೊಗಲಿನ ಒಳಗೆ ನಡೆಯುವುದನ್ನು ಕೊಂಚ ನೋಡಬೇಕು.

ಮನುಷ್ಯನ ಮೇಲುದೊಗಲು ಸುಮಾರು ತಿಂಗಳಿಗೊಮ್ಮೆ ಹೊಸದಾಗುತ್ತಿರುತ್ತದೆ. ಅಲ್ಲಿಯೇ ನಿಂತ ಮಸಿ ಹೊಪ್ಪಳೆಯೊಡನೆ ಉದುರಿಹೋಗುವುದು. ಸೂಜಿ ಅತಿ ಆಳಕ್ಕೆ ಹೋದರೆ ಮಸಿ ಕೊಬ್ಬಿನ ಪದರದಲ್ಲಿ ಹರಡಿ, ಒದ್ದೆಯ ಕಾಗದದ ಮೇಲಣ ಶಾಯಿಯಂತೆ ಗೆರೆಯ ಅಂಚು ಕದಡುವುದು. ಇವೆರಡರ ನಡುವಣ ಒಳದೊಗಲಿನಲ್ಲಿ ನಿಂತುದೇ ನಿಲ್ಲುವ ಹಚ್ಚೆ. ಕೈಯಳತೆಯಿಂದಲೇ ಆ ಆಳವನ್ನು ತಿಳಿಯುವುದು ಕೊರವಂಜಿಯ ವಿದ್ಯೆಯ ಸಾರ. ಆದರೆ ಒಳದೊಗಲಿನಲ್ಲಿಯೂ ಮಸಿ ಸುಮ್ಮನೆ ಕುಳಿತಿರುವುದಿಲ್ಲ. ದೇಹವನ್ನು ಕಾಯುವ ಭಕ್ಷಕ ಕೋಶಗಳು ಅದನ್ನು ಪರದ್ರವ್ಯವೆಂದು ನುಂಗುವುವು, ಆದರೆ ಜೀರ್ಣಿಸಿಕೊಳ್ಳಲಾರವು. ಆ ಕೋಶ ಸತ್ತಾಗ ಮಸಿ ಹೊರಬೀಳುವುದು; ಪಕ್ಕದಲ್ಲಿ ಹೊಸದಾಗಿ ಬಂದ ಕೋಶ ಅದನ್ನು ಮತ್ತೆ ನುಂಗುವುದು. ಫ್ರಾನ್ಸ್ ದೇಶದ ಮಾರ್ಸೇಲ್ಸಿನ ಸಂಶೋಧಕರು ಇಲಿಗಳಲ್ಲಿ ಪರೀಕ್ಷಿಸಿ 2018ರಲ್ಲಿ ಇದನ್ನು ತೋರಿಸಿಕೊಟ್ಟರು. ಹಚ್ಚೆಯು ಅಳಿಯದೆ ಉಳಿಯುವುದು ಕಲ್ಲಿನ ಬರಹ ಉಳಿಯುವಂತಲ್ಲ. ಒಬ್ಬನು ತೀರಿಕೊಂಡಾಗ ಮತ್ತೊಬ್ಬನು ಹೊರೆಯನ್ನು ಹೊರುವ ಮನೆತನದ ಉಂಬಳಿಯಂತೆ ಅದು ಕೈಯಿಂದ ಕೈಗೆ ಸಾಗಿ ಉಳಿಯುವುದು.

ಈ ಕೈಬದಲಾವಣೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ನಷ್ಟವೂ ಆಗುವುದು. ಅತಿ ಸೂಕ್ಷ್ಮವಾದ ಕಣಗಳು ದುಗ್ಧರಸದೊಡನೆ ಹರಿದು ಕಂಕುಳಿನ ಗ್ರಂಥಿಗಳನ್ನು ಸೇರುವುವು; ಉಳಿದವು ಇದ್ದೆಡೆಯಿಂದ ಕೂದಲೆಳೆಯಷ್ಟು ಸರಿಯುವುವು. ಇಪ್ಪತ್ತು, ನಲವತ್ತು ವರ್ಷಗಳಾದಂತೆ ಗೆರೆ ಅಗಲವಾಗಿ, ಅಂಚು ಮೆತ್ತಗಾಗಿ, ನಡುವಿನ ಕಪ್ಪು ತಿಳಿಯಾಗುವುದು. ಒತ್ತೊತ್ತಾಗಿ ಹೊಯ್ದ ಸಣ್ಣ ಗೆರೆಗಳು ಒಂದನ್ನೊಂದು ಕೂಡಿ ಒಂದು ಕಲೆಯಾಗಿಬಿಡುವುವು. ದಪ್ಪ ಗೆರೆಗೆ ಕಳೆದುಕೊಳ್ಳಲು ಬೇಕಾದಷ್ಟು ಕಪ್ಪು ಇದೆ. ಅದರ ಪಕ್ಕದಲ್ಲಿ ಗೆರೆಯಷ್ಟೇ ಬಯಲನ್ನು ಬಿಟ್ಟಿದ್ದರೆ ಹರಡಲು ಎಡೆಯೂ ಇದೆ. ಮುದುಕಿಯ ಕೈಯಲ್ಲಿ ಚೇಳಿನ ಕಾಲುಗಳು ಒಂದಾಗಿಹೋದರೂ ಕೊಂಡಿ ಕಾಣುತ್ತಿರುವುದಕ್ಕೆ ಕಾರಣ ಆ ಕೊಂಡಿಯ ಸುತ್ತ ಇದ್ದ ಬಯಲೇ. ಕಾಡುಕುರುಬ ಹೆಂಗಸರ ಹಣೆಯ ಎರಡು ಸಾಲು ಚುಕ್ಕೆಗಳು ಇನ್ನೂ ಭದ್ರವಾದ ರಚನೆ. ಚುಕ್ಕೆ ಎಷ್ಟು ಹಿಗ್ಗಿದರೂ ಚುಕ್ಕೆಯೇ. ಪಕ್ಕದ್ದನ್ನು ಕೂಡಿದರೂ ಸಾಲು ಸಾಲಾಗಿಯೇ ಉಳಿಯುವುದು. ಅರಣ್ಯವಾಸಿಗಳಿಗೆ ಹೆಚ್ಚಿನ ಚಿತ್ರಗಾರಿಕೆ ಬರದಿದ್ದುದರಿಂದ ಚುಕ್ಕೆಗಳಿಗೆ ನಿಂತರೆಂದು ತಿಳಿಯುವವರು ಇದನ್ನು ಯೋಚಿಸಬೇಕು.

ಬಿಸಿಲಿನ ವಿಷಯದಲ್ಲಿ ಜನರ ಎಣಿಕೆ ಅರ್ಧ ನಿಜ. ಈಗಿನ ಬಣ್ಣಬಣ್ಣದ ಹಚ್ಚೆಗಳ ಕೆಂಪು, ಹಳದಿಗಳನ್ನು ಬಿಸಿಲು ಬೇಗನೆ ಒಡೆದುಹಾಕುವುದು. ಕಾಡಿಗೆ ಎಂದರೆ ಇಂಗಾಲ. ಅದು ಅಷ್ಟು ಸುಲಭವಾಗಿ ಒಡೆಯುವ ವಸ್ತುವಲ್ಲ. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ದೊರೆತ, ಐದು ಸಾವಿರ ವರ್ಷಗಳಿಗೂ ಹಳೆಯದಾದ ಮನುಷ್ಯನ ಮೈಮೇಲೆ ಅರುವತ್ತೊಂದು ಇಂಗಾಲದ ಗುರುತುಗಳನ್ನು ಎಣಿಸಿದ್ದಾರೆ. ಅವೂ ಬಹುಮಟ್ಟಿಗೆ ದಪ್ಪ ಗೆರೆಗಳೇ. ಆದುದರಿಂದ ರಾಗಿಯ ಹೊಲದಲ್ಲಿ ದುಡಿದ ಕೈಯ ಹಚ್ಚೆ ಮಸಕಾಗಿ ಕಂಡರೆ ಮಸಿ ಸುಟ್ಟುಹೋಯಿತೆಂದು ಅರ್ಥವಲ್ಲ. ಬಿಸಿಲಿನಿಂದ ಮೇಲಣ ತೊಗಲು ಕಂದಿ ದಪ್ಪವಾಗಿ, ಕಿಟಕಿಯ ಗಾಜಿಗೆ ಹೊಗೆ ಹಿಡಿದಂತೆ ಮರೆಮಾಡಿರುವುದು. ಜೊತೆಗೆ ಒಳದೊಗಲಿನ ಬಿಗಿ ಸಡಿಲಿ ಚಿತ್ರವೂ ಸೊಟ್ಟಗಾಗಿರುವುದು. ಮುಂಗೈಯ ಒಳಬದಿಯ ಹಚ್ಚೆ ಹೊರಬದಿಯದಕ್ಕಿಂತ ಚೆನ್ನಾಗಿ ಬಾಳುವುದು ಇದರಿಂದಲೇ.

ಬದುಕಿರುವ ಮೈಯಲ್ಲಿ ಹಚ್ಚೆಯನ್ನು ಕಾಪಾಡುವ ಉಪಾಯಗಳು ಹೆಚ್ಚಿಲ್ಲ. ಮೊದಲ ದಿನಗಳಲ್ಲಿ ಕೀವಾಗದಂತೆ ತೊಳೆದು ಶುಚಿಯಾಗಿಟ್ಟು, ಹೊಪ್ಪಳೆಯನ್ನು ಕೀಳದೆ ಬಿಡುವುದು. ಆಮೇಲೆ ಬಿಸಿಲಿಗೆ ಬಟ್ಟೆ ಮರೆಮಾಡುವುದು. ಚರ್ಮ ಒಣಗಿ ಬಿರಿಯದಂತೆ ಎಣ್ಣೆ ಸವರುವುದು. ತೀರ ತಿಳಿಯಾದರೆ ಹಳೆಯ ಗೆರೆಯ ನಡುವೆಯೇ ಮತ್ತೊಮ್ಮೆ ಹೊಯ್ಯಿಸುವುದು. ಅಂಚಿನಲ್ಲಿ ಹೊಯ್ಯಿಸಿದರೆ ಗೆರೆ ಇನ್ನೂ ಅಗಲವಾಗಿ ಬಯಲನ್ನು ನುಂಗುವುದರಿಂದ ನಡುವಿನಲ್ಲಿಯೇ ಆಗಬೇಕು. ಸಂತೆಯಲ್ಲಿ ಒಂದೇ ಸೂಜಿಯಿಂದ ಹತ್ತು ಜನರಿಗೆ ಚುಚ್ಚುತ್ತಿದ್ದ ಪದ್ಧತಿಯನ್ನು ಮಾತ್ರ ಯಾರೂ ಕಾಪಾಡತಕ್ಕದ್ದಲ್ಲ. ರಕ್ತದ ಮೂಲಕ ಕಾಮಾಲೆಯೇ ಮೊದಲಾದ ರೋಗಗಳು ಹರಡುವುದಕ್ಕೆ ಅದು ರಾಜಮಾರ್ಗ.

ಕಲೆಯೇ ಅಳಿಯುತ್ತ ಬಂದುದಕ್ಕೆ ರೋಗಭಯ ಒಂದು ಸಣ್ಣ ಕಾರಣ. ದೊಡ್ಡ ಕಾರಣಗಳು ಬೇರೆ. ಅಪರಾಧಿ ಬುಡಕಟ್ಟುಗಳ ಶಾಸನವು 1871ರಲ್ಲಿ ಉತ್ತರದಲ್ಲಿ ಹುಟ್ಟಿ, 1911ರಲ್ಲಿ ಮದರಾಸು ಪ್ರಾಂತ್ಯಕ್ಕೂ ಬಂದು, ಕೊರವರನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಮಾಡಿತು. ಊರಿಂದೂರಿಗೆ ತಿರುಗುವುದೇ ಯಾರ ಜೀವನೋಪಾಯವೋ ಅವರು ತಿರುಗಾಡುವುದೇ ಅನುಮಾನಕ್ಕೆ ಕಾರಣವಾದರೆ, ಹಚ್ಚೆಯ ಸೂಜಿ ಎಲ್ಲಿಗೆ ಹೋದೀತು? 1952ರಲ್ಲಿ ಆ ಶಾಸನ ರದ್ದಾಯಿತಾದರೂ ಹಣೆಗಂಟಿದ ಹೆಸರು ಹೋಗಲಿಲ್ಲ. ಹಣೆಯ ಮಾತು ಬಂದುದರಿಂದ ಇದನ್ನೂ ಹೇಳಬಹುದು: ಕುಂಪಣಿಯ ಸರಕಾರವು ಜೀವಾವಧಿ ಶಿಕ್ಷೆಯಾದವರ ಹಣೆಯ ಮೇಲೆ ಅವರ ಅಪರಾಧವನ್ನು ಇದೇ ಸೂಜಿ, ಇದೇ ಮಸಿಗಳಿಂದ ಬರೆಯಿಸುತ್ತಿತ್ತು, ಅದನ್ನು 1849ರಲ್ಲಿ ನಿಲ್ಲಿಸಿದರು. ಅಳಿಯದೆಂಬ ಒಂದೇ ಗುಣಕ್ಕಾಗಿ ಹಳ್ಳಿಯವರು ಇದನ್ನು ಒಡವೆಯೆಂದರು, ಸರಕಾರ ಶಿಕ್ಷೆಯೆಂದಿತು.

ಕಾಕನಕೋಟೆಯಲ್ಲಿ ಹಚ್ಚೆಯನ್ನು ಹೊತ್ತ ಜನರೇ ನೆಲೆ ತಪ್ಪಿದರು. ಮಾಸ್ತಿಯವರ ನಾಟಕದಿಂದ ಕನ್ನಡಿಗರೆಲ್ಲರಿಗೂ ಪರಿಚಿತವಾದ ಈ ಕಾಡಿನಲ್ಲಿ ಕಡೆಯ ಖೆಡ್ಡ ನಡೆದುದು 1971ರಲ್ಲಿ. 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂದಿತು. ಮರುವರ್ಷ ಬಂಡೀಪುರ ಹುಲಿಯ ಯೋಜನೆಗೆ ಸೇರಿತು. 1974ರಲ್ಲಿ ಕಪಿಲೆಗೆ ಬೀಚನಹಳ್ಳಿಯ ಬಳಿ ಅಣೆಕಟ್ಟು ಮುಗಿದು ಖೆಡ್ಡದ ಬಯಲು ನೀರಿನಲ್ಲಿ ಮುಳುಗಿತು. ಜೇನುಕುರುಬರೂ ಬೆಟ್ಟಕುರುಬರೂ ಕಾಡಿನ ಒಳಗಿನ ನೆಲೆಗಳನ್ನು ಬಿಟ್ಟು ಅಂಚಿನ ಹಾಡಿಗಳಿಗೆ ಬಂದರು. ಆನೆಯ ಮಾವುತರಾಗಿ ದಸರೆಯಲ್ಲಿ ಅವರ ಮುಖವನ್ನು ಲಕ್ಷಾಂತರ ಜನ ನೋಡುತ್ತಾರೆ. ಅವರ ತಾಯಂದಿರ ಹಣೆಯನ್ನು ನೋಡಿದವರು ಕಡಮೆ. ಹಾಡಿಯ ಮಗಳು ಶಾಲೆಗೆ ಹೋದ ಮೇಲೆ ಹಣೆಯ ಚುಕ್ಕೆ ಅವಳನ್ನು ಕಾಡಿನವಳೆಂದು ತೋರಿಸಿಕೊಡುವ ಗುರುತಾಗುವುದರಿಂದ ಅದನ್ನು ಬೇಡವೆಂದರೆ ಅವಳನ್ನು ದೂರುವ ಹಕ್ಕು ಯಾರಿಗೂ ಇಲ್ಲ.

ಹಾಗಾದರೆ ಹಳೆಯ ಛಾಯಾಚಿತ್ರಗಳು ಇಲ್ಲವೆ ಎಂದು ಕೇಳಬಹುದು. ಇಲ್ಲಿ ಒಂದು ವಿಚಿತ್ರವಾದ ಮೋಸವಿದೆ. ಹತ್ತೊಂಬತ್ತನೆಯ ಶತಮಾನದ ಗಾಜಿನ ಫಲಕಗಳು ನೀಲಿಯ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿದ್ದುವು. ಅವುಗಳಲ್ಲಿ ಕಂದು ಬಣ್ಣದ ಮೈ ಇದ್ದುದಕ್ಕಿಂತ ಕಪ್ಪಾಗಿಯೂ ನೀಲಿ ಛಾಯೆಯ ಹಚ್ಚೆ ಇದ್ದುದಕ್ಕಿಂತ ಬಿಳುಪಾಗಿಯೂ ಮೂಡಿ, ಎರಡೂ ಒಂದರಲ್ಲೊಂದು ಕರಗಿಹೋಗುವುವು. ನ್ಯೂಜೀಲೆಂಡಿನ ಮಾವೋರಿಗಳ ಮುಖದ ಹಚ್ಚೆ ಅಂದಿನ ಚಿತ್ರಗಳಲ್ಲಿ ಕಾಣೆಯಾದುದು ಪ್ರಸಿದ್ಧವಾದ ಸಂಗತಿ. ಆದುದರಿಂದ ಆ ಕಾಲದ ಚಿತ್ರವೊಂದರಲ್ಲಿ ಕಾಡುಕುರುಬ ಹೆಂಗಸಿನ ಹಣೆ ಬರಿದಾಗಿ ಕಂಡರೆ, ಅದು ಬರಿದಾಗಿತ್ತೆಂದು ನಿರ್ಣಯಿಸುವಂತಿಲ್ಲ. ಥರ್ಸ್ಟನ್ ಅವರ ಒಂದು ವಾಕ್ಯಕ್ಕೆ ಚಿತ್ರಕ್ಕಿಂತ ಹೆಚ್ಚಿನ ಬೆಲೆ ಬರುವುದು ಇಲ್ಲಿಯೇ.

ಅದೇ ಬೆಳಕಿನ ಶಾಸ್ತ್ರ ಈಗ ಮೋಸಕ್ಕೆ ಮದ್ದನ್ನೂ ಒದಗಿಸಿದೆ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು ತೊಗಲನ್ನು ಹೊಕ್ಕು ಹಿಂದಿರುಗುವುವು, ಇಂಗಾಲದಲ್ಲಿ ಮಾತ್ರ ಇಂಗಿಹೋಗುವುವು. ಆ ಕಿರಣಗಳಲ್ಲಿ ಚಿತ್ರ ತೆಗೆದರೆ, ಕಂದಿದ ತೊಗಲು ತಿಳಿಯಾಗಿ ಅದರ ಕೆಳಗಿನ ಗೆರೆ ಕಪ್ಪಾಗಿ ಏಳುವುದು. ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿ ನೂರು ವರ್ಷಕ್ಕೂ ಹೆಚ್ಚುಕಾಲ ಎಲ್ಲರೂ ನೋಡುತ್ತಿದ್ದ ಈಜಿಪ್ಟಿನ ಶವವೊಂದರ ತೋಳಿನಲ್ಲಿ ಕಾಡುಗೂಳಿಯೂ ಟಗರೂ ಇದ್ದುವೆಂದು 2018ರಲ್ಲಿ ಗೊತ್ತಾದುದು ಹೀಗೆಯೇ. ಮೈಸೂರಿನಲ್ಲಿ ಇದನ್ನು ಮಾಡಬಲ್ಲ ಸಂಸ್ಥೆಗಳಿಗೆ ಕೊರತೆಯಿಲ್ಲ. ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯ, ಭಾರತದ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಕೇಂದ್ರ, ರಾಜ್ಯದ ಬುಡಕಟ್ಟು ಸಂಶೋಧನಾ ಸಂಸ್ಥೆ, ಇವೆಲ್ಲವೂ ಹೆಗ್ಗಡದೇವನಕೋಟೆಗೆ ಅರ್ಧ ದಿನದ ದಾರಿಯೊಳಗೇ ಇವೆ. ಹಚ್ಚೆ ಹೊತ್ತವರ ಒಪ್ಪಿಗೆಯನ್ನು ಪಡೆದು, ಸಾಮಾನ್ಯ ಬೆಳಕಿನಲ್ಲೊಂದು, ಅವಕೆಂಪಿನಲ್ಲೊಂದು ಚಿತ್ರ ತೆಗೆದು, ಪಕ್ಕದಲ್ಲಿ ಅಳತೆಯ ಪಟ್ಟಿಯನ್ನಿಟ್ಟು, ಹೊಯ್ದಾಗಿನ ವಯಸ್ಸು, ಹೊಯ್ದವರ ಕುಲ, ಕಾಡಿಗೆ ಮಾಡಿದ ಬಗೆ, ಆ ಗುರುತಿಗೆ ಹಾಡಿಯಲ್ಲಿರುವ ಹೆಸರು, ಇಷ್ಟನ್ನು ಬರೆದುಕೊಳ್ಳಲು ಒಬ್ಬರಿಗೆ ಅರ್ಧ ಗಳಿಗೆಯೂ ಬೇಡ. ಚುಕ್ಕೆಗಳನ್ನು ಎಣಿಸುವುದನ್ನು ಮಾತ್ರ ಈ ಸಲ ಮರೆಯಬಾರದು.