ಜೇಬಿನ ಅಳತೆಯ ಪಿಸ್ತೂಲು

ನಿಮ್ಮ ಫೋನನ್ನು ಒಮ್ಮೆ ಸ್ಕೇಲ್ ಇಟ್ಟು ಅಳೆದು ನೋಡಿ. ಯಾವ ಕಂಪನಿಯದ್ದಾದರೂ ಹೆಚ್ಚುಕಮ್ಮಿ 6 ಇಂಚು ಉದ್ದ ಇರುತ್ತದೆ. ತೀರಾ ದೊಡ್ಡದಾದರೆ ಕೂತಾಗ ತೊಡೆಗೆ ಒತ್ತುತ್ತೆ, ಜೇಬಿನಿಂದ ಹೊರಗೆ ಇಣುಕುತ್ತೆ. ಒಳಗಿನ ಪ್ರಾಸೆಸರ್, ಕ್ಯಾಮೆರಾ ಎಲ್ಲ ವರ್ಷಕ್ಕೊಮ್ಮೆ ಬದಲಾಗಬಹುದು. ಮನುಷ್ಯನ ಅಂಗೈ ಮತ್ತು ಜೇಬು ಮಾತ್ರ ಇದ್ದಷ್ಟೇ ಇರುತ್ತವೆ.

ಫೋನಿಗಿಂತ ಬಹಳ ಮೊದಲೇ ಈ ಅಳತೆಗೆ ಇನ್ನೊಂದು ವಸ್ತು ಬಂದು ಕೂತಿತ್ತು. ಅದು ಜೇಬಿನ ಪಿಸ್ತೂಲು. 1865ರಲ್ಲಿ ಅಬ್ರಹಾಂ ಲಿಂಕನ್, 1914ರಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾನ್ಜ್ ಫರ್ಡಿನಾಂಡ್, 1948ರಲ್ಲಿ ಗಾಂಧೀಜಿ. ಈ ಮೂವರನ್ನು ಕೊಂದ ಪಿಸ್ತೂಲುಗಳು ತಯಾರಾಗಿದ್ದು ಅಮೆರಿಕ, ಬೆಲ್ಜಿಯಂ, ಇಟಲಿ ಎಂಬ ಮೂರು ಬೇರೆ ದೇಶಗಳಲ್ಲಿ. ಒಳಗಿನ ಯಂತ್ರ ಮೂರರದ್ದೂ ಬೇರೆ. ಆದರೆ ಮೂರೂ ಹೆಚ್ಚುಕಮ್ಮಿ 6 ಇಂಚು ಉದ್ದ. 83 ವರ್ಷದಲ್ಲಿ ತಂತ್ರಜ್ಞಾನ ಎಲ್ಲಿಂದ ಎಲ್ಲಿಗೋ ಹೋಯಿತು, ಅಳತೆ ಕದಲಲಿಲ್ಲ.

ಮೊದಲನೆಯದರ ಕತೆ ಫಿಲಡೆಲ್ಫಿಯಾದ್ದು. ಅಲ್ಲಿ ಹೆನ್ರಿ ಡೆರಿಂಜರ್ ಅಂತ ಒಬ್ಬ ಬಂದೂಕು ತಯಾರಕ ಇದ್ದ. ಸರ್ಕಾರಕ್ಕೆ ರೈಫಲ್ ಮಾಡಿಕೊಡುತ್ತಿದ್ದ. ಆದರೆ ಅವನ ಹೆಸರು ಉಳಿದದ್ದು ಪುಟ್ಟ ಪಿಸ್ತೂಲಿನಿಂದ. ನಮ್ಮ ಮಲೆನಾಡಿನ ಕೇಪಿನ ಕೋವಿ ನೋಡಿದವರಿಗೆ ಅದನ್ನು ವಿವರಿಸೋದು ಸುಲಭ: ಅದೇ ಕೋವಿಯ ಕುಳ್ಳ ತಮ್ಮ ಅಂದುಕೊಳ್ಳಿ. ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬಬೇಕು, ಹಿಂದೆ ಕೇಪು ಕೂರಿಸಬೇಕು. ಒಂದೇ ಈಡು. ನಳಿಗೆ ಗಿಡ್ಡ ಆದ್ದರಿಂದ ದೂರಕ್ಕೆ ಗುರಿ ಸಿಗಲ್ಲ. ಅದಕ್ಕೇ ಗುಂಡು ಮಾತ್ರ ದಪ್ಪ. ಇಸ್ಪೀಟು ಮೇಜಿನ ಆಚೆ ಕೂತವನಿಗೆ ಸಾಕು, ಬೀದಿಯ ಆಚೆ ನಿಂತವನಿಗೆ ಸಾಲದು. ಒಂದೇ ಈಡಿನದ್ದು ಅಂತ ಜನ ಸಾಮಾನ್ಯವಾಗಿ ಜೋಡಿ ಕೊಳ್ಳುತ್ತಿದ್ದರು.

ಯಾರು ಕೊಳ್ಳುತ್ತಿದ್ದರು? ಹೆದರಿದವರು. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿ ಜನ ಅತ್ತ ನುಗ್ಗಿದರು. ಗುರುತು ಪರಿಚಯ ಇಲ್ಲದವರ ಊರು, ಜೇಬಲ್ಲಿ ಚಿನ್ನ, ಪೊಲೀಸರು ಹೆಸರಿಗಷ್ಟೇ. ಆ ಹೆದರಿಕೆ ಸುಳ್ಳಾಗಿರಲಿಲ್ಲ. ಡೆರಿಂಜರ್ ತನ್ನ ವಿನ್ಯಾಸಕ್ಕೆ ಪೇಟೆಂಟ್ ಮಾಡಿಸಿರಲಿಲ್ಲ, ಹಾಗಾಗಿ ನಕಲು ಶುರುವಾಯಿತು. ಕೆಲವರಂತೂ ಜಾನ್ ಡೆರಿಂಜರ್ ಅನ್ನೋ ಒಬ್ಬ ದರ್ಜಿಯನ್ನು ಹುಡುಕಿ, ಅವನ ಹೆಸರನ್ನೇ ಪಿಸ್ತೂಲಿನ ಮೇಲೆ ಹೊಡೆದರು! ಹೆನ್ರಿ ಕೋರ್ಟಿಗೆ ಹೋದ. 1865ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಟ್ರೇಡ್‌ಮಾರ್ಕ್ ಅವನದ್ದೇ ಎಂದಿತು.

ಅದೇ ವರ್ಷ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್‌ನ ಫೋರ್ಡ್ಸ್ ಥಿಯೇಟರಿನಲ್ಲಿ ಜಾನ್ ವಿಲ್ಕ್ಸ್ ಬೂತ್ ಒಂದು ಡೆರಿಂಜರ್ ಹಿಡಿದು ಲಿಂಕನ್ ಕೂತಿದ್ದ ಬಾಕ್ಸಿನೊಳಗೆ ಹೋದ. ಐದಾರು ಗುಂಡಿನ ರಿವಾಲ್ವರ್‌ಗಳು ಆಗ ಮಾಮೂಲಿಯಾಗಿದ್ದವು. ಸ್ಯಾಮ್ಯುಯೆಲ್ ಕೋಲ್ಟ್ ಮೂವತ್ತು ವರ್ಷ ಹಿಂದೆಯೇ ಅದನ್ನು ಮಾಡಿದ್ದ. ಬೂತ್ ಕೈಯಲ್ಲಿದ್ದದ್ದು ಮಾತ್ರ ಒಂದೇ ಈಡಿನದ್ದು. ಅಂಗೈಯಲ್ಲಿ ಮುಚ್ಚಿಹೋಗುವಂಥದ್ದು. ಅವನು ಹೆಸರಾಂತ ನಟ, ಆ ಥಿಯೇಟರಿನಲ್ಲಿ ಅವನನ್ನು ಅನುಮಾನಿಸುವವರಿಲ್ಲ. ಬೆನ್ನ ಹಿಂದೆ ನಿಲ್ಲುವಷ್ಟು ಹತ್ತಿರ ಹೋಗಬಲ್ಲವನಿಗೆ ಎರಡನೇ ಗುಂಡು ಬೇಕಿರಲಿಲ್ಲ. ಹೊಡೆದ ಮೇಲೆ ಪಿಸ್ತೂಲು ಬಾಕ್ಸಿನ ನೆಲದ ಮೇಲೆ ಬಿತ್ತು. ಪಕ್ಕದಲ್ಲಿದ್ದ ಮೇಜರ್ ರಾತ್‌ಬೋನ್ ಹಿಡಿಯಲು ಬಂದಾಗ ಬೂತ್ ಚಾಕುವಿನಿಂದ ಅವನ ತೋಳು ಸೀಳಿದ. ಲಿಂಕನ್ ಮರುದಿನ ಬೆಳಿಗ್ಗೆ ತೀರಿಕೊಂಡರು. ಚಿನ್ನ ಕಾಯಲು ಹುಟ್ಟಿದ ಪಿಸ್ತೂಲಿಗೆ ಆ ರಾತ್ರಿಯ ನಂತರ ಕೊಲೆಗಡುಕನ ಹೆಸರೇ ಅಂಟಿತು.

ಹಾಗಂತ ಬಚ್ಚಿಟ್ಟ ಆಯುಧದ ಮೇಲಿನ ಅನುಮಾನ ಅಲ್ಲಿಂದ ಶುರುವಾದದ್ದಲ್ಲ. ಬಂದೂಕು ಅಂದರೆ ಪ್ರಾಣ ಬಿಡುವ ದೇಶ ಅಂತ ನಾವು ಅಂದುಕೊಂಡಿರೋ ಅಮೆರಿಕದಲ್ಲೇ, ಕೆಂಟಕಿ ಮತ್ತು ಲೂಸಿಯಾನಾ ರಾಜ್ಯಗಳು 1813ರಲ್ಲೇ ಮರೆಮಾಚಿದ ಆಯುಧಕ್ಕೆ ನಿಷೇಧ ಹಾಕಿದ್ದವು. 1901ರಲ್ಲಿ ಸೌತ್ ಕ್ಯಾರೊಲಿನಾ ಇನ್ನೂ ಮುಂದೆ ಹೋಗಿ, 20 ಇಂಚಿಗಿಂತ ಗಿಡ್ಡ, 3 ಪೌಂಡಿಗಿಂತ ಹಗುರದ ಪಿಸ್ತೂಲು ಮಾರಲೇಬಾರದು ಎಂದು ಕಾನೂನು ಮಾಡಿತು. ಜೇಬಿಗೆ ಹಿಡಿಸಬಾರದು, ಅಷ್ಟೇ ಅದರ ತಾತ್ಪರ್ಯ. ಸೊಂಟದಲ್ಲಿ ಎಲ್ಲರಿಗೂ ಕಾಣುವಂತೆ ಕಟ್ಟಿಕೊಂಡವನು ಮರ್ಯಾದಸ್ಥ, ಕೋಟಿನೊಳಗೆ ಬಚ್ಚಿಟ್ಟವನ ಉದ್ದೇಶ ಸರಿಯಿಲ್ಲ ಅನ್ನೋ ನಂಬಿಕೆ ಆ ಕಾಲದಲ್ಲಿ ಗಟ್ಟಿಯಾಗಿತ್ತು.

ಹಳ್ಳಿಯಲ್ಲಿ ಬೆಳೆದ ನನಗೆ ಈ ತರ್ಕ ಬೇಗ ಅರ್ಥವಾಗುತ್ತೆ. ನಮ್ಮ ಕಡೆ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರೋ ಕೋವಿ ಯಾರ ಮನೆಯಲ್ಲಿದೆ ಅಂತ ಊರಿಗೇ ಗೊತ್ತು. ಚುನಾವಣೆ ಬಂದರೆ ಅದು ಠಾಣೆಗೆ ಹೋಗಿ ಕೂರುತ್ತೆ, ಅದೂ ಎಲ್ಲರಿಗೂ ಗೊತ್ತು. ಕೋವಿ ಇರೋ ಮನೆಯವರ ಜೊತೆ ಜಗಳ ಆಡಬೇಕಾದರೂ ಆ ಲೆಕ್ಕ ಇಟ್ಟುಕೊಂಡೇ ಆಡುತ್ತಾರೆ. ಜೇಬಿನ ಪಿಸ್ತೂಲು ಈ ಲೆಕ್ಕವನ್ನೇ ಅಳಿಸಿಹಾಕುತ್ತದೆ.

ಕಾನೂನು ಅಳತೆ ಹಿಡಿದು ನಿಂತಿದ್ದ ಹೊತ್ತಿಗೇ ತಂತ್ರಜ್ಞಾನ ಜೇಬಿನ ಕಡೆ ಓಡುತ್ತಿತ್ತು. ಯೂಟಾ ರಾಜ್ಯದ ಜಾನ್ ಬ್ರೌನಿಂಗ್ ಅಮೆರಿಕದ ಕೋಲ್ಟ್ ಕಂಪನಿಗೂ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಗೂ ಸೆಮಿ ಆಟೊಮ್ಯಾಟಿಕ್ ಪಿಸ್ತೂಲುಗಳನ್ನು ವಿನ್ಯಾಸ ಮಾಡಿಕೊಟ್ಟ. ಎಂಜಿನಿಯರ್ ಕಣ್ಣಿನಿಂದ ನೋಡಿದರೆ ಅದ್ಭುತ ಕೆಲಸ. 1903ರ ಕೋಲ್ಟ್ ಪಿಸ್ತೂಲಿನಲ್ಲಿ ಹ್ಯಾಮರ್ ಒಳಗೇ ಅಡಗಿದೆ, ತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳಬಾರದು ಅಂತ. 1910ರ ಎಫ್‌ಎನ್ ಮಾದರಿಯಲ್ಲಿ ಸ್ಪ್ರಿಂಗನ್ನು ನಳಿಗೆಯ ಸುತ್ತಲೇ ಸುತ್ತಿ ಜಾಗ ಉಳಿಸಿದ. ಮೈಯೆಲ್ಲ ನುಣುಪು. ಒಂದೇ ಈಡಿನ ಡೆರಿಂಜರ್ ಹಿಡಿಸುತ್ತಿದ್ದ ಜಾಗದಲ್ಲಿ ಈಗ ಆರು ಏಳು ಗುಂಡು.

1914ರ ಜೂನ್ 28ರಂದು ಸರಯೇವೊದಲ್ಲಿ ಗಾವ್ರಿಲೊ ಪ್ರಿನ್ಸಿಪ್ ಅನ್ನೋ 19ರ ಹುಡುಗನ ಹತ್ತಿರ ಇದ್ದದ್ದು ಅದೇ 1910ರ ಮಾದರಿ. ಆ ಬೆಳಿಗ್ಗೆ ಅವನ ಜೊತೆಗಾರ ಎಸೆದ ಬಾಂಬು ಗುರಿ ತಪ್ಪಿತ್ತು. ರಸ್ತೆ ಬದಿಯ ಗುಂಪಿನಲ್ಲಿ ಎಲ್ಲರಂತೆ ನಿಂತಿದ್ದ ಪ್ರಿನ್ಸಿಪ್ ಎದುರಿಗೇ ಯುವರಾಜನ ಕಾರು ಬಂದು ನಿಂತಿತು. ಆಮೇಲಿನದ್ದು ಮೊದಲ ಮಹಾಯುದ್ಧ.

ಬ್ರೌನಿಂಗ್ ರೂಪಿಸಿದ್ದ ಗಿಡ್ಡ 9 ಎಂಎಂ ಗುಂಡನ್ನೇ ಮುಂದೆ ಇಟಲಿಯವರು ತಮ್ಮ ಸೇನೆಯ ಬೆರೆಟಾ 1934ಕ್ಕೆ ಬಳಸಿದರು. ಅಂಥದ್ದೊಂದು ಬೆರೆಟಾ ಗ್ವಾಲಿಯರ್‌ನಲ್ಲಿ ನಾಥೂರಾಮ್ ಗೋಡ್ಸೆಯ ಕೈಸೇರಿತು, ಲೈಸೆನ್ಸ್ ಇಲ್ಲದೆ. 1948ರ ಜನವರಿ 20ರಂದು ಬಿರ್ಲಾ ಭವನದ ಪ್ರಾರ್ಥನಾ ಸಭೆಯಲ್ಲಿ ಬಾಂಬು ಸಿಡಿದ ಮೇಲೆ, ಬರುವವರನ್ನು ತಪಾಸಣೆ ಮಾಡುತ್ತೇವೆ ಎಂದು ಪೊಲೀಸರು ಕೇಳಿದ್ದರು. ಪ್ರಾರ್ಥನೆಗೆ ಬರುವವರ ಜೇಬು ತಡಕೋದಕ್ಕೆ ಗಾಂಧೀಜಿ ಒಪ್ಪಲಿಲ್ಲ. ಹತ್ತು ದಿನದ ನಂತರ ಮೂರು ಗುಂಡು.

ಈ ಮೂರು ಕಡೆಯೂ ಪಿಸ್ತೂಲಿಗೆ ಕೆಲಸ ಮಾಡಿಕೊಟ್ಟದ್ದು ಅದರ ಶಕ್ತಿಯಲ್ಲ, ಕಾಣದೇ ಇರುವ ಗುಣ. ಹೊತ್ತು ಯಾವುದು, ಜಾಗ ಯಾವುದು ಅಂತ ಮೊದಲೇ ಗೊತ್ತಿರುವುದು ಕೊಲ್ಲಲು ಬಂದವನಿಗೆ ಮಾತ್ರ. ಕಾಪಾಡಿಕೊಳ್ಳಲು ಇಟ್ಟುಕೊಂಡವನು ಅದನ್ನು ಹುಡುಕಿ ತೆಗೆಯುವ ಹೊತ್ತಿಗೆ ಆಟ ಮುಗಿದಿರುತ್ತೆ.

2012ರ ಡಿಸೆಂಬರಿನ ದಿಲ್ಲಿಯ ಘಟನೆಯ ನಂತರ, 2014ರಲ್ಲಿ ಕಾನ್ಪುರದ ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆ ಮಹಿಳೆಯರಿಗಾಗಿ ಅಂತ ಒಂದು ಪುಟ್ಟ ರಿವಾಲ್ವರ್ ಬಿಡುಗಡೆ ಮಾಡಿತು. ಹೆಸರು ನಿರ್ಭೀಕ್. ತೂಕ ಸುಮಾರು ಅರ್ಧ ಕೆಜಿ, ಪರ್ಸಿಗೆ ಹಿಡಿಸುತ್ತೆ. ಬೆಲೆ ಆಗ 1 ಲಕ್ಷ 20 ಸಾವಿರಕ್ಕೂ ಮೇಲಿತ್ತು. ನೈಟ್ ಶಿಫ್ಟ್ ಮುಗಿಸಿ ಕ್ಯಾಬ್ ಕಾಯುವ ನಮ್ಮ ಸಹೋದ್ಯೋಗಿಗಳ ಹೆದರಿಕೆ ಕ್ಯಾಲಿಫೋರ್ನಿಯಾದ ಚಿನ್ನದವರ ಹೆದರಿಕೆಯಷ್ಟೇ ನಿಜ. ಅದಕ್ಕೆ ಅವರಿಗೆ ಸಿಕ್ಕ ಉತ್ತರವೂ 1850ರ ಫಿಲಡೆಲ್ಫಿಯಾದ್ದೇ: ಚಿಕ್ಕದೊಂದು ಕೊಂಡು ಬಚ್ಚಿಟ್ಟುಕೋ.

ಯಾರ ಹತ್ತಿರ ಇದೆಯೋ ಗೊತ್ತಾಗದಿದ್ದರೆ ದುಷ್ಟರು ಎಲ್ಲರಿಗೂ ಹೆದರುತ್ತಾರೆ ಅನ್ನೋ ವಾದ ಇದೆ. ಹೆದರಬಹುದು. ಆದರೆ ಹಾಗೆ ಹೆದರಬೇಕಾದವರು ಅವರೊಬ್ಬರೇ ಅಲ್ಲ. ಕ್ಯಾಬಿನ ಡ್ರೈವರ್, ಪಕ್ಕದ ಸೀಟಿನವರು, ಲಿಫ್ಟಿನಲ್ಲಿ ಜೊತೆಗೆ ನಿಂತವರು, ಎಲ್ಲರೂ ಒಬ್ಬರ ಜೇಬನ್ನು ಇನ್ನೊಬ್ಬರು ಅನುಮಾನದಿಂದ ನೋಡಬೇಕಾಗುತ್ತೆ. ಬೀದಿಗೆ ದೀಪ, ಕರೆದರೆ ಬರುವ ಪೊಲೀಸು, ರಾತ್ರಿ ಹನ್ನೊಂದಕ್ಕೂ ಓಡುವ ಬಸ್ಸು ಇವೆಲ್ಲ ಯಾರ ಪರ್ಸಿಗೂ ಹಿಡಿಸಲ್ಲ. ಅವನ್ನು ಎಲ್ಲರೂ ಸೇರಿ ಕೇಳಿಯೇ ಪಡೆಯಬೇಕು.