ಶಾನುಭೋಗರ ಕಡತದಿಂದ ಡೇಟಾಬೇಸಿಗೆ

ಯಾವ ಸರ್ವೆ ನಂಬರು ಯಾರದ್ದು, ಎಷ್ಟು ಎಕರೆ, ಎಷ್ಟು ಗುಂಟೆ, ಕಂದಾಯ ಎಷ್ಟು ಎಂಬುದೆಲ್ಲ ಒಂದು ಕಾಲಕ್ಕೆ ಶಾನುಭೋಗರ ಕೈಬರಹದಲ್ಲಿತ್ತು. 1961ರ ಕಾಯ್ದೆ ವಂಶಪಾರಂಪರ್ಯದ ಆ ಹುದ್ದೆಯನ್ನು ರದ್ದುಮಾಡಿತು. ಕಡತ ಗ್ರಾಮ ಲೆಕ್ಕಿಗರ ಕೈಗೆ ಬಂತು. ಬರೆಯುವವರು ಬದಲಾದರು, ಒಂದು ಗೀಟೆಳೆದು ಹೆಸರು ತಿದ್ದಬಹುದಾದ ಶಕ್ತಿ ಮಾತ್ರ ಬರೆಯುವ ಕೈಯಲ್ಲೇ ಉಳಿಯಿತು.

ಡೇಟಾಬೇಸ್ ನಿರ್ವಾಹಕನಾದ ನನಗೆ ಇದು ನನ್ನ ವೃತ್ತಿಯ ಪೂರ್ವಕಥೆಯಂತೆ ಕಾಣುತ್ತದೆ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮಾಹಿತಿಯನ್ನು ಕೋಷ್ಟಕಗಳಂತೆ ಕಾಣುವ ಮಾದರಿಯನ್ನು ಮುಂದಿಟ್ಟರು. ಪಹಣಿ ನೋಡಿದವರಿಗೆ ಕೋಷ್ಟಕ ಹೊಸದಲ್ಲ. ಯಂತ್ರದೊಳಗೆ ಮಾಹಿತಿ ಎಲ್ಲಿದೆ ಎಂದು ತಿಳಿಯದೆಯೇ ಬೇಕಾದ್ದನ್ನು ಕೇಳಬಹುದು ಎಂಬುದು ಹೊಸದು. 1981ರಲ್ಲಿ ಜಿಮ್ ಗ್ರೇ ತಮ್ಮ ಪ್ರಬಂಧವೊಂದರಲ್ಲಿ ಹಳೆಯ ಲೆಕ್ಕಿಗರ ನಿಯಮವನ್ನು ನೆನಪಿಸಿದರು: ತಪ್ಪು ನಮೂದನ್ನು ಅಳಿಸಬಾರದು, ಸರಿಪಡಿಸುವ ಹೊಸ ನಮೂದು ಬರೆಯಬೇಕು. ಇಂದಿನ ಬಹುತೇಕ ಡೇಟಾಬೇಸುಗಳು ಪ್ರತಿ ಬದಲಾವಣೆಯನ್ನು ಮೊದಲು ಲಾಗ್ ಎಂಬ ದಿನಚರಿಯಲ್ಲಿ ಬರೆದುಕೊಳ್ಳುತ್ತವೆ. ನಡುವೆ ಕರೆಂಟು ಹೋದರೆ ಅದನ್ನೇ ಓದಿ, ಮುಗಿದ ಕೆಲಸವನ್ನು ಉಳಿಸಿ, ಅರ್ಧಕ್ಕೆ ನಿಂತದ್ದನ್ನು ರದ್ದುಮಾಡುತ್ತವೆ.

2000ದ ಆಸುಪಾಸಿನಲ್ಲಿ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಕೈಬರಹದ ಪಹಣಿಯ ಮಾನ್ಯತೆ ಹೋಯಿತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗುವ ಏರ್ಪಾಡಾಯಿತು. ಯಾರು ತಿದ್ದಿದರು ಎಂಬುದಕ್ಕೆ ಗುರುತು ಉಳಿಯಿತು. ಆದರೆ ಕಡತದಲ್ಲಿ ತಪ್ಪಿದ್ದ ಹೆಸರು ಯಂತ್ರದಲ್ಲೂ ತಪ್ಪಾಗಿಯೇ ಕೂರುತ್ತದೆ, ಅದೂ ಅಚ್ಚುಕಟ್ಟಾದ ಅಕ್ಷರದಲ್ಲಿ. ಆ ಒಂದು ಸಾಲಿನ ಮೇಲೆ ಬ್ಯಾಂಕಿನ ಸಾಲ, ಅಣ್ಣತಮ್ಮಂದಿರ ಪಾಲು, ಕೋರ್ಟಿನ ವ್ಯಾಜ್ಯ ಎಲ್ಲ ನಿಂತಿರುತ್ತವೆ.

ನನ್ನ ಕಸುಬಿನ ಜಾಣ್ಮೆ ದೊಡ್ಡ ಮಾತಿನದಲ್ಲ. ರಾತ್ರಿ ತೆಗೆದ ಬ್ಯಾಕಪ್ಪನ್ನು ಆಗಾಗ ಬೇರೊಂದು ಯಂತ್ರದಲ್ಲಿ ಮರಳಿ ಕಟ್ಟಿ ಸಾಲುಗಳನ್ನು ಎಣಿಸುತ್ತೇನೆ. ಮರಳಿ ಕಟ್ಟಿ ನೋಡದ ಬ್ಯಾಕಪ್ ಬರೀ ನಂಬಿಕೆ. ಓದಿದರೆ ಸಾಕಾದವರಿಗೆ ಬರೆಯುವ ಅನುಮತಿ ಕೊಡುವುದಿಲ್ಲ. ಸಾಲು ಅಳಿಸುವ ಆಜ್ಞೆ ಕೊಡುವ ಮೊದಲು, ಅದೇ ಷರತ್ತಿಗೆ ಎಷ್ಟು ಸಾಲು ಸಿಗುತ್ತವೆ ಎಂದು ಕೇಳಿ ನೋಡುತ್ತೇನೆ.

ಶಾನುಭೋಗರ ಮನೆ ಊರಿಗೆಲ್ಲ ಗೊತ್ತಿತ್ತು. ಸಂಶಯ ಬಂದವರು ಜಗಲಿಗೆ ಹೋಗಿ ಕೇಳಬಹುದಿತ್ತು. ನಾನು ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಎಲ್ಲ ಕೋಷ್ಟಕಗಳ ಬೀಗದ ಕೈ ನನ್ನಲ್ಲಿರುತ್ತದೆ. ಆದ್ದರಿಂದ ನಾನು ಮಾಡಿದ್ದರ ಲೆಕ್ಕ ನನ್ನ ಕೈಗೆ ಸಿಗದ ಇನ್ನೊಂದು ಯಂತ್ರದಲ್ಲಿ ಇರಬೇಕು. ಅಲ್ಲಿ ಗೀಟೆಳೆಯುವ ಅಧಿಕಾರ ನನಗೂ ಇರಕೂಡದು.