ಹಿಮವದ್ ಗೋಪಾಲಸ್ವಾಮಿ ಬೆಟ್ಟ: ನೆಲ, ಕಲ್ಲು, ಚರಿತ್ರೆ

ಚಾಮರಾಜನಗರ ಜಿಲ್ಲೆ ಗುಂಡ್ಲುಪೇಟೆ ತಾಲ್ಲೂಕಿನ ಬೆಟ್ಟ. ಎತ್ತರ ಸಮುದ್ರಮಟ್ಟದಿಂದ ಸುಮಾರು 1,450 ಮೀಟರ್. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಇದಕ್ಕಿಂತ ಎತ್ತರದ ಜಾಗವಿಲ್ಲ. ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು, ಹಂಗಳದ ಬಳಿ ಬಲಕ್ಕೆ ತಿರುಗಿ ಇಲ್ಲಿಗೆ ಬರಬೇಕು. ಗುಂಡ್ಲುಪೇಟೆಯೇ 800 ಮೀಟರಿಗೂ ಮೇಲಿರುವ ಊರು. ಹಾಗಾಗಿ ಕಣ್ಣಿಗೆ ಕಾಣುವ ಏರು 650 ಮೀಟರಿನ ಆಸುಪಾಸು ಮಾತ್ರ.

ನೀಲಗಿರಿಯ ಮಳೆನೆರಳಿನಲ್ಲಿರುವ ಸೀಮೆಯಿದು. ತಪ್ಪಲಿನಲ್ಲಿ ಜೋಳ, ಹುರುಳಿ, ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು. ಅವು ಮುಗಿದಲ್ಲಿ ಕುರುಚಲು ಕಾಡು. ನೆತ್ತಿಯ ಚಹರೆಯೇ ಬೇರೆ. ಅಲ್ಲಿ ಹುಲ್ಲುಗಾವಲು ಹಬ್ಬಿದೆ, ಅದರ ಮಡಿಕೆಗಳಲ್ಲಿ ಶೋಲಾ ಕಾಡು ಅಡಗಿದೆ. ತೇವ ಹೊತ್ತ ಗಾಳಿ ಇಳಿಜಾರಿಗೆ ತಾಗಿ ಮೇಲೇರಿದಾಗ ತಣ್ಣಗಾಗಿ ಮಂಜಾಗುತ್ತದೆ. ಕೆಳಗೆ ನೆಲ ಬಿರಿದಿದ್ದಾಗಲೂ ಮೇಲೆ ಹುಲ್ಲು ಒದ್ದೆಯಾಗಿರುವುದು ಈ ಕಾರಣಕ್ಕೆ. ಗುಂಡ್ಲುಹೊಳೆ ಈ ಸೀಮೆಯ ನೀರನ್ನು ಉತ್ತರಕ್ಕೆ ಒಯ್ದು ನಂಜನಗೂಡಿನಲ್ಲಿ ಕಪಿಲೆಗೆ ಸೇರಿಸುತ್ತದೆ. ಬಂಡೀಪುರದ ದಕ್ಷಿಣದಂಚಿನ ಹಳ್ಳಗಳು ಮೋಯಾರಿಗೆ, ಅಲ್ಲಿಂದ ಭವಾನಿಗೆ ಇಳಿಯುತ್ತವೆ. ಎರಡೂ ಕಡೆಯ ನೀರು ಕೊನೆಗೆ ಕಾವೇರಿಗೇ.

ಮೋಯಾರ್ ಹರಿಯುವುದು ಸುಮಾರು 20 ಕಿಲೋಮೀಟರ್ ಉದ್ದದ ಆಳವಾದ ಕಮರಿಯಲ್ಲಿ. ಅದರ ಒಂದು ದಡ ಮೈಸೂರಿನ ಪ್ರಸ್ಥಭೂಮಿ. ಇನ್ನೊಂದು ದಡದಾಚೆ 2,637 ಮೀಟರಿನ ದೊಡ್ಡಬೆಟ್ಟದವರೆಗೆ ಏರುವ ನೀಲಗಿರಿ. ಹೊಳೆ ತನ್ನಿಷ್ಟದಂತೆ ಕೊರೆದ ದಾರಿಯಲ್ಲ ಇದು. ಭೂಮಿಯ ಎರಡು ತುಂಡುಗಳು ಉಜ್ಜಾಡಿ ನುರಿದುಹೋದ ಪಟ್ಟಿಯೊಂದು ಇಲ್ಲಿ ಹಾದಿದೆ. ಭೂವಿಜ್ಞಾನಿಗಳು ಅದನ್ನು ಮೋಯಾರ್ ಶಿಯರ್ ವಲಯ ಎನ್ನುತ್ತಾರೆ. ಹೊಳೆ ಆ ದುರ್ಬಲ ಗೆರೆಯನ್ನೇ ಹಿಡಿದು ಸಾಗಿದೆ.

ಕಮರಿ ಎಂದೊಡನೆ ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ನೆನಪಾಗುವುದು ಸಹಜ. ಆ ಮರುಭೂಮಿಯ ಕಮರಿಯಲ್ಲಿ ಅಂಚಿನ ಸುಣ್ಣಕಲ್ಲಿಗೆ ಸುಮಾರು 27 ಕೋಟಿ ವರ್ಷ, ತಳದ ವಿಷ್ಣು ಶಿಸ್ಟ್ ಶಿಲೆಗೆ ಸುಮಾರು 175 ಕೋಟಿ. ಮೇಲೆ ಹೊಸದು, ಕೆಳಗೆ ಹಳೆಯದು. ಗುಂಡ್ಲುಪೇಟೆ ಸೀಮೆಯಲ್ಲಿ ಆ ಮೇಲಿನ ಪದರಗಳೇ ಇಲ್ಲ. ಅಲ್ಲಿ ತಳಕ್ಕಿಳಿದು ನೋಡಬೇಕಾದಂಥ ಕಲ್ಲು ಇಲ್ಲಿ ಬೆಟ್ಟವಾಗಿ ನಿಂತಿದೆ, ವಯಸ್ಸಿನಲ್ಲಿ ಅದಕ್ಕಿಂತಲೂ ಹಿರಿಯದು. ಇಲ್ಲಿನ ತಳಬಂಡೆ ನೈಸ್ ಎಂಬ ಪಟ್ಟೆಗಲ್ಲು. ಅದರ ನಡುನಡುವೆ ಸರಗೂರು ಗುಂಪಿನ ಪ್ರಾಚೀನ ಶಿಸ್ಟ್ ಪಟ್ಟಿಗಳಿವೆ. ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟದಲ್ಲಿ, ದಕ್ಷಿಣಕ್ಕೆ ನೀಲಗಿರಿಯಲ್ಲಿ ಚಾರ್ನೊಕೈಟ್ ಎಂಬ ಶಿಲೆ. ಬಿಳಿಗಿರಿಯ ಕೆಲವು ಶಿಲೆಗಳ ಮೂಲ 330 ಕೋಟಿ ವರ್ಷಕ್ಕೂ ಹಿಂದಿನದು. ಸುಮಾರು 250 ಕೋಟಿ ವರ್ಷಗಳ ಹಿಂದೆ ಅವು ನೆಲದಡಿ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಬೆಂದು ರೂಪ ಬದಲಿಸಿದವು. ಅವುಗಳ ಮೇಲಿದ್ದುದೆಲ್ಲ ಅಲ್ಲಿಂದೀಚೆಗೆ ಸವೆದುಹೋಗಿದೆ.

ಇದಕ್ಕಿಂತ ಸೋಜಿಗದ ಸಂಗತಿಯೊಂದಿದೆ. ಕರ್ನಾಟಕದ ನೆಲದ ಹೊರಚಿಪ್ಪು ಉತ್ತರಕ್ಕೆ ವಾಲಿದೆ, ದಕ್ಷಿಣದಲ್ಲಿ ಮೇಲೆದ್ದಿದೆ. ಅದನ್ನು ಸವೆತ ಸಮನಾಗಿ ಕತ್ತರಿಸಿದ್ದರಿಂದ ಚಿತ್ರದುರ್ಗದಿಂದ ದಕ್ಷಿಣಕ್ಕೆ ಬಂದಷ್ಟೂ ಹೆಚ್ಚು ಆಳದ ಕಲ್ಲು ಸಿಗುತ್ತದೆ. ಚಿತ್ರದುರ್ಗದಲ್ಲಿ ಕಡಿಮೆ ಕಾವು ಕಂಡ ಶಿಸ್ಟ್, ಸರಗೂರು ಸೀಮೆಯಲ್ಲಿ ಇನ್ನೂ ಬೆಂದದ್ದು, ನೀಲಗಿರಿಯಲ್ಲಿ ಅತಿ ಆಳದ್ದು. ಕಮರಿಯ ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಓದಬೇಕಾದುದನ್ನು ಇಲ್ಲಿ ನೂರಾರು ಕಿಲೋಮೀಟರ್ ರಸ್ತೆಯುದ್ದಕ್ಕೂ ಓದಬಹುದು.

ಈ ಓದು ಒಂದೇ ದಿನಕ್ಕೆ ಕೈಗೂಡಲಿಲ್ಲ. ಭೂವಿಜ್ಞಾನಿ ಥಾಮಸ್ ಹಾಲೆಂಡ್ 1893ರಲ್ಲಿ ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಾಕ್ ಎಂಬಾತನ ಗೋರಿಯ ಕಲ್ಲನ್ನು ಗುರುತಿಸಿ ಚಾರ್ನೊಕೈಟಿಗೆ ಹೆಸರಿಟ್ಟ. ಮರುವರ್ಷ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಹುಟ್ಟಿತು. ಅದರ ಮುಖ್ಯಸ್ಥ ಸ್ಮೀತ್ 1916ರಲ್ಲಿ ಸಂಸ್ಥಾನದ ಭೂವಿಜ್ಞಾನ ನಕ್ಷೆ ತಂದ. ಮೈಸೂರಿನ ಚಾರ್ನೊಕೈಟ್‌ಗಳನ್ನು ಬಿ. ರಾಮರಾಯರು 1940ರ ದಶಕದಲ್ಲಿ ವಿಸ್ತಾರವಾಗಿ ದಾಖಲಿಸಿದರು. ಸರಗೂರಿನ ಶಿಸ್ಟ್‌ಗಳು, ಚಿತ್ರದುರ್ಗದ ಶಿಸ್ಟ್ ಸೇರಿದ ಧಾರವಾಡ ಶಿಲೆಗಳಿಗಿಂತ ಹಳೆಯ ಪ್ರತ್ಯೇಕ ಗುಂಪು ಎಂಬ ವಿಂಗಡಣೆ 1970ರ ದಶಕದ್ದು.

ಬೆಟ್ಟ ಬಿಟ್ಟು ಬಯಲಿಗೆ ಬಂದರೆ, ನಂಜನಗೂಡು–ಚಾಮರಾಜನಗರ ದಾರಿಯ ಬದನಗುಪ್ಪೆಯ ಸುತ್ತ ನೆಲ ಬಹುಪಾಲು ಮಟ್ಟಸ. ಬಯಲು ನೀರಸವೆಂದು ದಾಟಿಹೋಗುವವರೇ ಹೆಚ್ಚು. ಆದರೆ ಈ ಜಿಲ್ಲೆಯ ಬಯಲಿನ ಅಡಿಯಲ್ಲೂ ನೈಸನ್ನು ಸೀಳಿಕೊಂಡು ಬಂದ ಡಾಲರೈಟ್ ಗೋಡೆಗಳಿವೆ. ಕರಗಿದ ಶಿಲಾರಸ ಬಿರುಕಿಗೆ ನುಗ್ಗಿ ಹೆಪ್ಪುಗಟ್ಟಿದ್ದು. ಕ್ವಾರಿಯಲ್ಲಿ ನೋಡಿದರೆ ಬೂದು-ಬಿಳಿ ಪಟ್ಟೆಯ ನೈಸಿನ ಪಕ್ಕದಲ್ಲೇ ಕಡುಗಪ್ಪು ಕಲ್ಲು ನೆಟ್ಟಗೆ ನಿಂತಿರುತ್ತದೆ, ಹರಳುಗಳು ಬರಿಗಣ್ಣಿಗೆ ಸಿಕ್ಕದಷ್ಟು ನಯ. ಪಾಲಿಶ್ ಮಾಡಿದರೆ ಮುಖ ಕಾಣುವಷ್ಟು ಹೊಳೆಯುತ್ತದೆ. ಚಾಮರಾಜನಗರದ ಕರಿಕಲ್ಲು ಎಂದು ಹೊರದೇಶಗಳಿಗೂ ಹೋಗುವುದು ಇದೇ. ತೆಗೆದ ಕಲ್ಲು ಮತ್ತೆ ಹುಟ್ಟುವುದಿಲ್ಲ, ಉಳಿದ ಹೊಂಡಗಳನ್ನು ಮುಚ್ಚುವವರೂ ಕಡಿಮೆ. ಜಿಲ್ಲೆ ಗಂಭೀರವಾಗಿ ಯೋಚಿಸಬೇಕಾದ ವಿಷಯವಿದು.

ಬೆಟ್ಟದ ಮೇಲಿನ ಗೋಪಾಲಸ್ವಾಮಿ ದೇವಾಲಯ ಹದಿನಾಲ್ಕನೆಯ ಶತಮಾನದ ಆರಂಭದ್ದು, ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ್ದು. ಮೈಸೂರಿನ ಒಡೆಯರೂ ಇದಕ್ಕೆ ನಡೆದುಕೊಂಡರು. ಗರ್ಭಗುಡಿಯಲ್ಲಿ ಒಸರುವ ತಣ್ಣನೆಯ ತೇವವನ್ನು ಭಕ್ತರು ಸ್ವಾಮಿಯ ಮಹಿಮೆಯೆಂದು ತಲೆಗೆ ಪ್ರೋಕ್ಷಿಸಿಕೊಳ್ಳುತ್ತಾರೆ. ಹಂಸತೀರ್ಥದಲ್ಲಿ ಮಿಂದ ಕಾಗೆ ಹಂಸವಾಯಿತು, ಆದ್ದರಿಂದ ಬೆಟ್ಟದಲ್ಲಿ ಕಾಗೆಗಳಿಲ್ಲ ಎಂಬ ಐತಿಹ್ಯವೂ ಇದೆ. ಇಲ್ಲಿದ್ದ ದಣ್ಣಾಯಕರ, ಅಂದರೆ ದಂಡನಾಯಕರ, ಕೋಟೆಯಿಂದಾಗಿ ಬೆಟ್ಟಕ್ಕೆ ಬೆಟ್ಟದಕೋಟೆ ಎಂಬ ಹೆಸರೂ ಇತ್ತು. ಮುಂದೆ ಮೈಸೂರು ಮಹಾರಾಜರು ಇಲ್ಲಿನ ಕಾಡನ್ನು ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಘೋಷಿಸಿದರು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಈಗ ಖಾಸಗಿ ವಾಹನಗಳನ್ನು ಬುಡದಲ್ಲೇ ನಿಲ್ಲಿಸಿ ಸಾರಿಗೆ ಬಸ್ಸಿನಲ್ಲಿ ಬೆಟ್ಟ ಹತ್ತಬೇಕು.